ಅತ್ತೆಯ ದನಿಗೆ ಮೂರು ಸೆಲ್ಲು

ಹಳೆಯ ಟ್ರಾನ್ಸಿಸ್ಟರ್ ಕೊಳ್ಳುವವರು ಮೊದಲು ಅದನ್ನು ಹಾಡಿಸಿ ನೋಡಬಾರದು. ಹಾಡು ಕೇಳಿದರೆ ಮನಸ್ಸು ಸೋಲುತ್ತದೆ. ಮನಸ್ಸು ಸೋತ ಮೇಲೆ ಬೆಲೆ ಇಳಿಸಲು ಬಾಯಿ ಬರುವುದಿಲ್ಲ. ಮೊದಲು ಹಿಂದಿನ ಮುಚ್ಚಳ ತೆಗೆದು ಮೂಗಿಗೆ ಹಿಡಿಯಬೇಕು. ಹುಳಿ ವಾಸನೆ ಬಂದರೆ ಒಳಗೆ ಎಂದೋ ಸೆಲ್ಲು ಸೋರಿದೆ ಎಂದು ಅರ್ಥ. ಸ್ಪ್ರಿಂಗಿನ ಬುಡದಲ್ಲಿ ಹಸಿರು ಕಿಲುಬು ಕಟ್ಟಿದ್ದರೆ ಅದನ್ನು ಉಗುರಿನಲ್ಲಿ ಕೆರೆದು, ಮಾರುವವರಿಗೆ ಕಾಣುವ ಹಾಗೆ ಹಿಡಿದು, ಸುಮ್ಮನೆ ನಿಲ್ಲಬೇಕು. ಮಾತಾಡಬಾರದು. ಮಾರುವವರೇ ಮಾತಾಡಲಿ.

ನಾನು ನನ್ನ ರೇಡಿಯೊ ಕೊಂಡದ್ದು ಹೀಗೆಯೇ. ಎಪ್ಪತ್ತರ ದಶಕದ ನಡು ಕಳೆದಿತ್ತು. ಕಡೂರಿನ ಅಂಚಿನಲ್ಲಿದ್ದ ಗಂಡನ ಮನೆಗೆ ನಾನು ಸೊಸೆಯಾಗಿ ಬಂದಾಗ ಅಲ್ಲಿ ತೆಂಗಿನ ಮರಗಳಿದ್ದವು, ಹೊಲವಿತ್ತು, ಎರಡು ಎಮ್ಮೆಗಳಿದ್ದವು. ನನ್ನದು ಅನ್ನುವಂಥದ್ದು ಮಾತ್ರ ಏನೂ ಇರಲಿಲ್ಲ. ಚೌಳಹಿರಿಯೂರು ಕಡೆಯ ರೈತರಿಂದ ಮೆಣಸಿನಕಾಯಿ ಕೊಂಡು, ಮನೆಯಲ್ಲಿ ಒಣಗಿಸಿ, ಕಡೂರು, ತರೀಕೆರೆ, ಅಜ್ಜಂಪುರದ ಸಂತೆಗಳಲ್ಲಿ ಮಾರಲು ಶುರು ಮಾಡಿದೆ. ಗಂಡನ ಮನೆಯವರು ಮೊದಲು ಮುಖ ಸಿಂಡರಿಸಿದರು. ಮೆಣಸಿನಕಾಯಿ ಮೂಟೆ ಎರಡಾಗಿ ನಾಲ್ಕಾದ ಮೇಲೆ ಸಿಂಡರಿಸುವುದನ್ನು ಬಿಟ್ಟರು.

ತರೀಕೆರೆಯಲ್ಲಿ ನನ್ನಿಂದ ತಪ್ಪದೆ ಮೆಣಸಿನಕಾಯಿ ಕೊಳ್ಳುವ ಒಬ್ಬ ಗೃಹಿಣಿ ಇದ್ದರು. ಗಂಡನಿಗೆ ಕೆಮ್ಮಣ್ಣುಗುಂಡಿಯ ಗಣಿಯಲ್ಲಿ ಕೆಲಸ. ಬೇರೆ ಊರಿಗೆ ವರ್ಗವಾಗಿ ಮನೆ ಖಾಲಿ ಮಾಡುತ್ತಿದ್ದರು. ಕಿಟಕಿಯ ಮೇಲೆ ಚರ್ಮದ ಚೀಲ ತೊಟ್ಟ ಟ್ರಾನ್ಸಿಸ್ಟರ್ ಕಂಡಿತು. ಹೆಗಲಿಗೆ ಹಾಕಿಕೊಳ್ಳುವ ಪಟ್ಟಿ ಬೇರೆ.

"ಇದನ್ನೂ ಹೊತ್ಕೊಂಡು ಹೋಗ್ತೀರಾ ಅಮ್ಮಾ?" ಎಂದೆ.

"ಯಜಮಾನರು ಹೊಸದು ತಗೊಂಡಿದ್ದಾರೆ. ಇದು ಯಾರಿಗೆ ಬೇಕು ಹೇಳು."

ಮುಚ್ಚಳ ತೆಗೆದೆ. ಮೂಸಿದೆ. ಕಿಲುಬು ಕೆರೆದು ಬೆರಳು ತೋರಿಸಿದೆ. ಸುಮ್ಮನೆ ನಿಂತೆ.

"ಅದೇನಿಲ್ಲ ಕಣೇ, ಒರೆಸಿದ್ರೆ ಹೋಗ್ತದೆ" ಎಂದರು. ನಾನು ನಿಂತೇ ಇದ್ದೆ. "ಏನೋ ನಿನ್ನ ಮೆಣಸಿನಕಾಯಿ ಚೆನ್ನಾಗಿರ್ತದೆ ಅಂತ" ಎಂದು ತಾವೇ ಇಳಿದರು. ಕೊನೆಗೆ ಅರ್ಧ ದುಡ್ಡು, ಅರ್ಧ ಮೆಣಸಿನಕಾಯಿಗೆ ವ್ಯಾಪಾರ ಕುದುರಿತು. ಅದರ ಗುಂಡಿ ಒತ್ತಿ, ದನಿ ಏರಿಸುವ ಕಿವಿ ತಿರುಗಿಸಿದ್ದು ನಾನು ಬಸ್ಸು ಹತ್ತಿದ ಮೇಲೆ. ಹಾಡಿತು. ಕಂಡಕ್ಟರು ಒಂದು ಹಾಡು ಮುಗಿಯುವವರೆಗೂ ನನಗೆ ಟಿಕೆಟ್ ಕೊಡಲಿಲ್ಲ.

ಕೊಳ್ಳುವುದು ಸುಲಭ. ಸಾಕುವುದು ಕಷ್ಟ. ರೇಡಿಯೊ ತಿನ್ನುವುದು ಮೂರು ಸೆಲ್ಲು, ಟಾರ್ಚಿಗೆ ಹಾಕುವಂಥ ದಪ್ಪ ಸೆಲ್ಲು. ನಮ್ಮ ಮನೆಯ ಟಾರ್ಚೂ ಮೂರು ಸೆಲ್ಲಿನದೇ. ಮನೆಯಲ್ಲಿ ಇದ್ದದ್ದು ಒಟ್ಟು ಮೂರೇ ಸೆಲ್ಲು. ಹೀಗಾಗಿ ಆ ಮೂರು ಸೆಲ್ಲುಗಳಿಗೆ ಮೂರು ಪಾಳಿಯ ಕೆಲಸ. ಸಂಜೆ ರೇಡಿಯೊ. ಕತ್ತಲಾದ ಮೇಲೆ ನಮ್ಮ ಮನೆಯವರ ಟಾರ್ಚು, ಏಕೆಂದರೆ ತೋಟದ ಪಂಪಿಗೆ ಕರೆಂಟು ಬರುವುದು ಕತ್ತಲಾದ ಮೇಲೆಯೇ. ಹಗಲು ಬಿಸಿಲು.

ಈ ಬಿಸಿಲಿನ ಪಾಳಿ ನಮ್ಮ ಅತ್ತೆಯದು. ಆಗ ನಮ್ಮ ಕಡೆ ಎಲ್ಲರ ಮನೆಯಲ್ಲೂ ಈ ಪದ್ಧತಿ ಇತ್ತು, ಅತ್ತೆ ಒಬ್ಬರನ್ನೇ ಬೈಯುವಂತಿಲ್ಲ. ದನಿ ಕುಗ್ಗಿದ ಸೆಲ್ಲನ್ನು ಬಿಸಿಲಿಗೆ ಇಟ್ಟರೆ ಸಂಜೆಗೆ ಸ್ವಲ್ಪ ಜೀವ ಬರುತ್ತದೆ. ಅದು ನಿಜ. ಬಿಸಿಯಾದ ಸೆಲ್ಲು ಒಂದಷ್ಟು ಹೊತ್ತು ಮಾತಾಡುತ್ತದೆ, ಆಮೇಲೆ ಮತ್ತೆ ಮಲಗುತ್ತದೆ. ಆದರೆ ಅತ್ತೆಯ ಪ್ರಕಾರ ಬಿಸಿಲು ಸೆಲ್ಲಿನ ಒಳಗೆ ಇಳಿದು ತುಂಬಿಕೊಳ್ಳುತ್ತದೆ, ಕೊಡಕ್ಕೆ ನೀರು ತುಂಬಿದ ಹಾಗೆ. ಬೆಳಿಗ್ಗೆ ಮೆಣಸಿನಕಾಯಿ ಹರಡಿದ ಚಾಪೆಯ ಒಂದು ಮೂಲೆಯಲ್ಲಿ ಸೆಲ್ಲುಗಳನ್ನು ಸಾಲಾಗಿ ಮಲಗಿಸುವರು. ಮಧ್ಯಾಹ್ನ ಮೆಣಸಿನಕಾಯಿ ಕೈಯಾಡಿಸುವಾಗ ಸೆಲ್ಲುಗಳನ್ನೂ ಮಗ್ಗುಲು ಬದಲಿಸುವರು. ಸಂಜೆ ನಾನು ಅವನ್ನು ರೇಡಿಯೊಗೆ ತುರುಕಿದರೆ ಬೆರಳಿಗೆ ಮೆಣಸಿನ ಘಾಟು ಹತ್ತಿ, ಮರೆತು ಕಣ್ಣು ಒರೆಸಿಕೊಂಡರೆ ಅವತ್ತಿನ ವಾರ್ತೆಯನ್ನು ಅಳುತ್ತಲೇ ಕೇಳಬೇಕು.

"ಅತ್ತೆಮ್ಮ, ಸೆಲ್ಲು ಸತ್ತೋಗಿದೆ. ಸತ್ತಿದ್ದನ್ನ ಎಷ್ಟು ಸಲ ಒಣಗಿಸ್ತೀರಿ" ಎಂದರೆ, "ಸತ್ತಿಲ್ಲ ಕಣೇ, ಸುಸ್ತಾಗೈತೆ. ನಿನ್ನ ಥರ ಓಡಾಡಿ ಓಡಾಡಿ" ಎನ್ನುವರು.

ನಮ್ಮ ಮನೆಯವರ ಕಾಟ ಇನ್ನೊಂದು ಥರ. ಹೇಳದೆ ಕೇಳದೆ ಸೆಲ್ಲು ಬಿಚ್ಚಿಕೊಂಡು ಹೋಗುವುದು.

"ರೇಡಿಯೊ ಸೆಲ್ಲು ಎಲ್ರೀ?"

"ಟಾರ್ಚಲ್ಲಿ ಅವೆ."

"ಟಾರ್ಚು ಎಲ್ಲಿ?"

"ತೋಟದ ಗುಡಿಸಲಲ್ಲಿ."

"ಅಲ್ಲಿ ಅದು ಯಾರಿಗೆ ದಾರಿ ತೋರಿಸ್ತಾ ಐತೆ?"

"ಬೆಳಗಾಗಿತ್ತಲ್ಲ, ಟಾರ್ಚು ಯಾತಕ್ಕೆ ಅಂತ ಅಲ್ಲೇ ಬಿಟ್ಟು ಬಂದೆ" ಎಂದು ನ್ಯಾಯವಾಗಿ ಉತ್ತರ ಕೊಡುವರು. ರೇಡಿಯೊ ಇಟ್ಟುಕೊಳ್ಳುವವರಿಗೆ ನನ್ನ ಎರಡನೆಯ ಬುದ್ಧಿಮಾತು ಇದು: ಮನೆಯ ಟಾರ್ಚು ಎಷ್ಟು ಸೆಲ್ಲಿನದು ಎಂದು ಮೊದಲು ನೋಡಿಕೊಳ್ಳಿ. ರೇಡಿಯೊದ್ದೂ ಟಾರ್ಚಿನದೂ ಒಂದೇ ಲೆಕ್ಕವಾದರೆ ಆ ಸಂಸಾರದಲ್ಲಿ ನೆಮ್ಮದಿ ಇರುವುದಿಲ್ಲ.

ಈ ಕಾಟದ ನಡುವೆ ಅತ್ತೆಯ ಹಾಡಿನ ಸಂಗತಿ ಬಂತು.

ಅಜ್ಜಂಪುರ ಅತ್ತೆಯ ತವರು. ಅಲ್ಲಿಯ ಸಂತೆಗೆ ಹೋಗುವಾಗ ಅವರೂ ನನ್ನ ಜೊತೆ ಬರುವರು. ನಾನು ಸಂತೆಯಲ್ಲಿ ಮೂಟೆ ಬಿಚ್ಚಿದರೆ ಅವರು ತಮ್ಮನ ಮನೆಯಲ್ಲಿ ಮಾತು ಬಿಚ್ಚುವರು. ಒಂದು ಸಂತೆಯ ದಿನ ಅಲ್ಲಿಯ ಶಾಲೆಗೆ ರೇಡಿಯೊದವರು ಬಂದಿದ್ದರು. ಹಳ್ಳಿಯ ಹೆಂಗಸರ ಹಾಡುಗಳನ್ನು ಹಿಡಿದುಕೊಳ್ಳಲು ಟೇಪಿನ ಮೆಷಿನ್ನು ತಂದಿದ್ದರು. ಹತ್ತು ಹೆಂಗಸರನ್ನು ಕೂಡಿಸಿದರೆ ಹತ್ತು ಜನವೂ ಸೆರಗು ಬಾಯಿಗಿಟ್ಟುಕೊಂಡು ಒಬ್ಬರನ್ನೊಬ್ಬರು ತಿವಿಯುತ್ತಿದ್ದರಂತೆ. ನಾನು ವ್ಯಾಪಾರ ಮುಗಿಸಿ ಹುಡುಕಿಕೊಂಡು ಹೋಗುವ ಹೊತ್ತಿಗೆ ನಮ್ಮ ಅತ್ತೆ ಮೈಕಿನ ಮುಂದೆ ಕೂತು, ಕಣ್ಣು ಮುಚ್ಚಿ, ಮದುಮಕ್ಕಳನ್ನು ಹಸೆಗೆ ಕರೆಯುವ ಪದ ಹೇಳುತ್ತಿದ್ದರು. ಮುಗಿದ ಮೇಲೆ ಕಣ್ಣು ಬಿಟ್ಟು ಮೆಷಿನ್ನಿನವನನ್ನು ಕೇಳಿದರು:

"ಎಲ್ಲಪ್ಪಾ, ಈಗ ಕೇಳ್ಸು."

"ಅಮ್ಮಾ, ಇನ್ನೂ ಎರಡು ಊರಿಗೆ ಹೋಗ್ಬೇಕು. ರೇಡಿಯೊದಲ್ಲಿ ಬರ್ತದೆ, ಅಲ್ಲೇ ಕೇಳ್ಕೊಳಿ."

"ನಾನು ಹಾಡಿದ್ದು ನಂಗೇ ಕೇಳ್ಸಲ್ಲ ಅಂತೀಯಲ್ಲ."

ಅವನು ನಕ್ಕು ತಂತಿ ಸುತ್ತಿಕೊಂಡ.

ವಾಪಸು ಬರುವಾಗ ಬಸ್ಸು ಬೀರೂರು ದಾಟಿದ ಮೇಲೆ ಅತ್ತೆ ನನ್ನ ಕಡೆ ತಿರುಗಿದರು.

"ಅಲ್ಲ ಕಣೇ, ನನ್ನ ದನಿ ಹೆಂಗೈತೆ?"

"ಚೆನ್ನಾಗೈತೆ ಅತ್ತೆಮ್ಮ."

"ನೀನು ಹೇಳ್ತೀಯ, ಸೊಸೆ. ಬೇರೇನ್ ಹೇಳೋಕಾಗ್ತದೆ ನಿಂಗೆ. ನಿಮ್ಮ ಮಾವ ಇರೋಗಂಟ ಹೇಳ್ತಿದ್ರು, ನೀನು ಬಾಯಿ ತೆಗುದ್ರೆ ಕರೆಯೋ ಎಮ್ಮೆ ಒದೀತದೆ ಅಂತ. ಊರ ಮದುವೆಗೆಲ್ಲ ನಾನೇ ಹಾಡ್ದೆ. ಬೇಡ ಅಂತ ಯಾರೂ ಅನ್ನಲಿಲ್ಲ. ಒಂದ್ ಸಲ ನಾನೇ ಕೇಳ್ಬೇಕು. ಆಮೇಲೆ ಮಾವನ ಮಾತು ನಿಜವೋ ಸುಳ್ಳೋ ನಾನೇ ಹೇಳ್ತೀನಿ."

ಮಾವ ತೀರಿಕೊಂಡು ಆಗಲೇ ಕೆಲವು ವರ್ಷವಾಗಿತ್ತು. ಆ ಎಮ್ಮೆಯೂ ಹೋಗಿತ್ತು. ಇವರ ಮನಸ್ಸಿನಿಂದ ಮಾತ್ರ ಆ ಮಾತು ಹೋಗಿರಲಿಲ್ಲ. ವ್ಯಾಪಾರದಲ್ಲಿ ಎದುರಿನವರಿಗೆ ನಿಜವಾಗಿ ಏನು ಬೇಕು ಎಂಬುದು ಒಮ್ಮೊಮ್ಮೆ ಥಟ್ಟನೆ ತಿಳಿಯುತ್ತದಲ್ಲ, ಹಾಗೆ ತಿಳಿಯಿತು ನನಗೆ. ಈ ಹಾಡು ತಪ್ಪಬಾರದು ಎಂದುಕೊಂಡೆ.

ಆಷಾಢದಲ್ಲಿ ಅಜ್ಜಂಪುರದಿಂದ ಅತ್ತೆಯ ತಮ್ಮ ಬಸ್ಸಿನ ಕಂಡಕ್ಟರ ಕೈಯಲ್ಲಿ ಹೇಳಿಕಳಿಸಿದರು. ಬರುವ ವಾರ ಇಂಥ ದಿನ ಸಂಜೆ, ವಾರ್ತೆಗೆ ಮುಂಚೆ, ಹಳ್ಳಿಯವರ ಕಾರ್ಯಕ್ರಮದಲ್ಲಿ ಅಕ್ಕನ ಪದ ಬರುತ್ತದೆ ಎಂದು. ಒಂದೇ ಸಲ ಬರುವುದು, ತಪ್ಪಿದರೆ ತಪ್ಪಿತು.

ಆಷಾಢ ಎಂದರೆ ನಮ್ಮ ಕಡೆ ಗಾಳಿ, ಮೋಡ, ಜಿಟಿಜಿಟಿ. ಚಾಪೆ ಹೊರಗೆ ಹಾಕುವಂತಿಲ್ಲ. ಮನೆಯ ಮೂರು ಸೆಲ್ಲು ಬಿಸಿಲಿಲ್ಲದೆ ನೆಲ ಕಚ್ಚಿದ್ದವು. ರೇಡಿಯೊ ಗೊರಗೊರ ಎನ್ನುತ್ತಿತ್ತು, ಟಾರ್ಚಿನ ಬೆಳಕು ನಮ್ಮ ಮನೆಯವರ ಹೆಬ್ಬೆರಳಿನವರೆಗೆ ಮಾತ್ರ ಬೀಳುತ್ತಿತ್ತು. ನಾನು ತರೀಕೆರೆಯ ಸಂತೆಗೆ ಹೋದಾಗ ಮೂರು ಹೊಸ ಸೆಲ್ಲು ಕೊಂಡೆ. ಅಂಗಡಿಯವನ ಟಾರ್ಚಿಗೇ ಒಂದೊಂದಾಗಿ ಹಾಕಿಸಿ, ಉರಿಸಿ ನೋಡಿ ಕೊಂಡೆ. ಇದು ಮೂರನೆಯ ಬುದ್ಧಿಮಾತು. ಮಳೆಗಾಲದಲ್ಲಿ ಅಂಗಡಿಯ ಸೆಲ್ಲನ್ನು ನಂಬಬಾರದು, ಅಂಗಡಿಯವನ ಕಣ್ಣೆದುರೇ ಉರಿಸಬೇಕು.

ಮನೆಗೆ ತಂದು ಮುಚ್ಚಿಡುವುದು ಎಲ್ಲಿ? ಕಂಡರೆ ನಮ್ಮ ಮನೆಯವರು ಟಾರ್ಚಿಗೆ ಹಾಕಿಬಿಡುತ್ತಾರೆ. ಯಾರಿಗೂ ಹೇಳದೆ, ಬಟ್ಟೆಯಲ್ಲಿ ಸುತ್ತಿ ಮೆಣಸಿನಕಾಯಿ ಮೂಟೆಯ ನಡುವೆ ಹುದುಗಿಸಿದೆ. ಗಂಡಸರು ಮೆಣಸಿನಕಾಯಿ ಮೂಟೆಗೆ ಕೈ ಹಾಕುವುದಿಲ್ಲ. ಆ ಲೆಕ್ಕಾಚಾರ ಸರಿಯಾಗಿಯೇ ಇತ್ತು. ಆದರೆ ಮನೆಯಲ್ಲಿ ಇದ್ದದ್ದು ಗಂಡಸರು ಮಾತ್ರವಲ್ಲವಲ್ಲ.

ಹಾಡು ಬರುವ ದಿನ ನಾನು ಕಡೂರು ಪೇಟೆಯಲ್ಲಿ ವ್ಯಾಪಾರ ಮುಗಿಸಿ ಹೊತ್ತಿರುವಾಗಲೇ ಮನೆಗೆ ಬಂದೆ. ಮನೆಯೊಳಗೆ ಮೆಣಸಿನ ಘಾಟು, ಜೊತೆಗೆ ಟಾರು ಕಾದಂಥ ಇನ್ನೊಂದು ವಾಸನೆ. ಒಲೆಯ ಪಕ್ಕ ಮೊರದಲ್ಲಿ ಮೆಣಸಿನಕಾಯಿ ಹರಡಿತ್ತು. ಅತ್ತೆ ತಲೆ ಬಾಚಿ, ಹೂ ಮುಡಿದು, ಮದುವೆಗೆ ಹೊರಟವರಂತೆ ಒಳ್ಳೆಯ ಸೀರೆ ಉಟ್ಟು ಕೂತಿದ್ದರು.

"ಬಂದ್ಯಾ? ಮೂಟೇಲಿ ಬೂಷ್ಟು ಹಿಡೀತಿತ್ತು, ಒಲೆ ಮುಂದೆ ಹಾಕ್ದೆ. ಒಳಗೆ ನಿನ್ನ ಸೆಲ್ಲು ಸಿಕ್ಕಿದ್ವು ಕಣೇ. ಮರ್ತೇ ಬಿಟ್ಟಿದ್ದೆ ನೀನು."

"ಎಲ್ಲಿ ಇಟ್ಟಿದ್ದೀರಿ?"

"ಬಿಸಿಲಿಲ್ವಲ್ಲ. ಒಲೆ ಬೂದೀಲಿ ಇಟ್ಟಿದ್ದೀನಿ. ಬೆಳಿಗ್ಗೆಯಿಂದ ಕಾಯ್ತಾ ಅವೆ. ಇವತ್ತು ನೋಡು ಹೆಂಗೆ ಕೂಗ್ತದೆ ರೇಡಿಯೊ."

"ಅತ್ತೆಮ್ಮ, ಅವು ಹೊಸಾವು."

"ಹೊಸಾವಾದ್ರೇನು? ಅಂಗಡಿಯೋನು ನೆರಳಲ್ಲಿ ಇಟ್ಟಿರ್ತಾನೆ. ಒಂದಿನ ಬಿಸಿಲು ಕಂಡಿರಲ್ಲ ಅವು. ಮುಟ್ಟಿದ್ರೆ ಐಸಿನಂಗೆ ತಣ್ಣಗಿದ್ವು, ಪಾಪ."

ಇಕ್ಕಳ ಹಾಕಿ ಬೂದಿ ಕೆದಕಿದೆ. ಮೂರೂ ಹೊಟ್ಟೆ ಉಬ್ಬಿಸಿಕೊಂಡು ಕೂತಿದ್ದವು. ತಲೆಯ ಮೇಲಿನ ಕರಿ ಅರಗು ಕರಗಿ ಇಳಿದಿತ್ತು, ಬುಡದಲ್ಲಿ ಅಂಟುಅಂಟಾಗಿ ಏನೋ ಸೋರಿತ್ತು. ಅತ್ತೆ ಬಗ್ಗಿ ನೋಡಿದರು. "ಜಾಸ್ತಿ ತುಂಬ್ಕೊಂಡಿರ್ಬೇಕು" ಎಂದರು.

ಬೈಯಲು ಬಾಯಿ ತೆರೆದೆ. ಅವರ ತಲೆಯ ಹೂ ಕಂಡಿತು. ಬಾಯಿ ಮುಚ್ಚಿದೆ. ಆಗ ನುಂಗಿದ ಸಿಟ್ಟು ಇವತ್ತಿಗೂ ಜೀರ್ಣವಾಗಿಲ್ಲ.

ಮನೆಯ ಹಳೇ ಸೆಲ್ಲುಗಳು ಟಾರ್ಚಿನೊಳಗೆ, ಟಾರ್ಚು ನಮ್ಮ ಮನೆಯವರ ಕೈಯಲ್ಲಿ, ಅವರು ತೋಟದಲ್ಲಿ. ಪಕ್ಕದ ಮನೆಯಲ್ಲಿ ದೊಡ್ಡ ರೇಡಿಯೊ ಇತ್ತು. ಓಡಿದೆ. ಆದರೆ ಅದು ಕರೆಂಟಿನದು, ಗಾಳಿಗೆ ಕರೆಂಟು ಮಧ್ಯಾಹ್ನವೇ ಹೋಗಿತ್ತು. ಆ ಮನೆಯಾಕೆ ನನ್ನ ಮುಖ ನೋಡಿ ಕೇಳಿದಳು.

"ಏನಕ್ಕಾ, ಬೆಂಕಿ ಬಿತ್ತಾ?"

"ಬೆಂಕೀಲಿ ಬಿತ್ತು. ನಿಮ್ಮ ಟಾರ್ಚು ಕೊಡೇ."

ಅವರದು ಎರಡು ಸೆಲ್ಲಿನ ಟಾರ್ಚು. ಬಿಚ್ಚಿ ಕೊಟ್ಟಳು. ಹಳೆಯವು, ಆದರೂ ಸೆಲ್ಲು. ಇನ್ನೊಂದು ಬೇಕಲ್ಲ. ಬೀದಿ ತುದಿಯ ಚಿಲ್ಲರೆ ಅಂಗಡಿಗೆ ಹೋದೆ.

"ಸೆಲ್ಲು ಮುಗಿದಿದೆ ಕಣಕ್ಕಾ. ನಾಳೆ ಬಾ" ಎಂದ ಅಂಗಡಿಯವನು.

"ನಿನ್ನ ಗಲ್ಲಾ ಪಕ್ಕ ಟಾರ್ಚು ಐತಲ್ಲ, ಅದರಲ್ಲಿ ಒಂದು ಕೊಡು."

"ಒಂದು ಕೊಟ್ರೆ ನಾನು ಉಳಿದಿದ್ದು ಹಾಕ್ಕೊಂಡು ಏನ್ ಮಾಡ್ಲಿ? ಅರ್ಧ ದಾರಿ ನೋಡ್ಲಾ?"

"ಅರ್ಧ ಕೇಜಿ ಮೆಣಸಿನಕಾಯಿ ಕೊಡ್ತೀನಿ."

"ಬೂಷ್ಟು ಹಿಡಿದಿದ್ದಲ್ಲ ತಾನೆ? ಒಂದು ಕೇಜಿ ಕೊಡು."

ಅವನ ಹಳೇ ಸೆಲ್ಲಿಗೆ ಒಂದು ಕೇಜಿ. ಕತ್ತು ಕುಯ್ಯುವ ವ್ಯಾಪಾರ. ಮುಕ್ಕಾಲಿಗೆ ಇಳಿಸಲು ನಾನು ನಿಂತೆ, ಅವನೂ ನಿಂತ. ನನ್ನ ವಿದ್ಯೆಯನ್ನು ನನಗೇ ತೋರಿಸುವ ಹಾಗೆ ಮಾತಾಡದೆ ನಿಂತ. ಅಷ್ಟರಲ್ಲಿ ಬೀದಿಯ ಆ ತುದಿಯಿಂದ ಅತ್ತೆಯ ದನಿ ಕೇಳಿತು. "ಬಾರೇ, ಶುರುವಾಯ್ತದೆ." ಮಾವ ಹೇಳಿದ್ದು ಏನೇ ಇರಲಿ, ಆ ದನಿ ಅಷ್ಟು ದೂರಕ್ಕೆ ಸೆಲ್ಲಿಲ್ಲದೆ ಬಂತು. ಒಂದು ಕೇಜಿಗೆ ಒಪ್ಪಿಕೊಂಡು ಓಡಿದೆ.

ಬೆಚ್ಚಗಾದರೆ ಹಳೇ ಸೆಲ್ಲು ಮಾತಾಡುತ್ತದೆ ಎಂದು ಹೇಳಿದೆನಲ್ಲ. ಮತ್ತೆ ಒಲೆಯ ಹತ್ತಿರ ಹೋಗುವ ಧೈರ್ಯ ಇರಲಿಲ್ಲ. ಪಕ್ಕದ ಮನೆಯಾಕೆ ಒಂದನ್ನು, ನಾನೊಂದನ್ನು, ಅತ್ತೆ ಒಂದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸೆರಗು ಬಿಗಿದು ಕೂತೆವು. ಮೂರು ಕೋಳಿ ಕಾವಿಗೆ ಕೂತ ಹಾಗೆ. ಪಕ್ಕದ ಮನೆಯಾಕೆಗೆ ನಗು ತಡೆಯಲಾಗಲಿಲ್ಲ.

"ನಗಬೇಡ ಕಣೇ, ಅಲ್ಲಾಡಿದ್ರೆ ಚಾರ್ಜು ಹೋಗ್ತದೆ" ಎಂದರು ಅತ್ತೆ.

ಹೊತ್ತು ನೋಡಿಕೊಂಡು ಸೆಲ್ಲು ಹಾಕಿದೆ. ಸ್ಟೇಷನ್ನು ತೋರಿಸುವ ಮುಳ್ಳು ಮೊದಲೇ ಜಾಗದಲ್ಲಿತ್ತು. ಏನೂ ಕೇಳಲಿಲ್ಲ. ದನಿಯ ಕಿವಿಯನ್ನು ಪೂರ್ತಿ ತಿರುಗಿಸಿದೆ. ಬಹಳ ದೂರದಲ್ಲಿ, ಬಾವಿಯ ತಳದಲ್ಲಿ ಮಾತಾಡಿದಂತೆ ಒಂದು ಗಂಡು ದನಿ ಏನೋ ಹೇಳಿ ನಿಂತಿತು. ಎಲ್ಲರೂ ಕೇಳುವಷ್ಟು ಶಕ್ತಿ ಆ ಸೆಲ್ಲುಗಳಲ್ಲಿ ಇರಲಿಲ್ಲ. ಒಂದು ಕಿವಿಗೆ ಆಗುವಷ್ಟು ಮಾತ್ರ ಇತ್ತು. ರೇಡಿಯೊ ಎತ್ತಿ ಅತ್ತೆಯ ಕಿವಿಗೆ ಒತ್ತಿ ಹಿಡಿದೆ.

ಅತ್ತೆಯ ಮುಖ ಮೊದಲು ಗಂಟಿಕ್ಕಿತು. ಆಮೇಲೆ ಹುಬ್ಬು ಮೇಲೇರಿತು. ಬಂತು ಎಂದು ಗೊತ್ತಾಯಿತು. ಪಕ್ಕದ ಮನೆಯಾಕೆ ನನ್ನ ತೋಳು ಹಿಡಿದುಕೊಂಡಳು. ನಾವಿಬ್ಬರೂ ಅವರ ಮುಖವನ್ನೇ ನೋಡುತ್ತಿದ್ದೆವು. ಅವರ ತುಟಿ ಅಲ್ಲಾಡಿತು. ಕಣ್ಣು ಮುಚ್ಚಿತು. ಅಜ್ಜಂಪುರದ ಶಾಲೆಯಲ್ಲಿ ಮುಚ್ಚಿದ್ದ ಹಾಗೆಯೇ. ಮರುಗಳಿಗೆಯಲ್ಲಿ ಅತ್ತೆ ತುಂಬು ಗಂಟಲಿನಲ್ಲಿ ಪದ ಎತ್ತಿದರು, ರೇಡಿಯೊದ ಜೊತೆಗೆ.

"ಅತ್ತೆಮ್ಮ, ಸುಮ್ಮನಿರಿ. ಕೇಳಿ" ಎಂದೆ. ಕೇಳಲಿಲ್ಲ. "ನೀವು ಹಾಡಬೇಡಿ, ಅದು ಹಾಡ್ತಾ ಐತೆ" ಎಂದು ಭುಜ ಅಲ್ಲಾಡಿಸಿದೆ. ಕೈಯಿಂದ ನನ್ನನ್ನು ದೂಡಿದರು. ಅರ್ಧಕ್ಕೆ ನಿಲ್ಲಿಸಿದರೆ ಮದುಮಕ್ಕಳಿಗೆ ಒಳ್ಳೆಯದಲ್ಲವಂತೆ, ಆಮೇಲೆ ಹೇಳಿದರು. ಎಲ್ಲಿಯ ಮದುಮಕ್ಕಳು? ಹಸೆಯಿಂದ ಆರತಿಯವರೆಗೆ ಒಂದು ನುಡಿಯನ್ನೂ ಬಿಡದೆ ಹಾಡಿದರು. ನನ್ನ ತೋಳು ಸೋತಿತ್ತು. ಒಂದು ಕೇಜಿ ಮೆಣಸಿನಕಾಯಿಯ ಸೆಲ್ಲು, ಪಕ್ಕದ ಮನೆಯ ಎರಡು ಸೆಲ್ಲು ಅವರ ಕಿವಿಯ ಬುಡದಲ್ಲಿ ಯಾರಿಗೂ ಕೇಳದ ಹಾಗೆ ಹಾಡಿ ಹಾಡಿ ಪ್ರಾಣ ಬಿಟ್ಟವು. ಅತ್ತೆ ಕಣ್ಣು ಬಿಡುವ ಹೊತ್ತಿಗೆ ರೇಡಿಯೊದಲ್ಲಿ ಗೊರಗೊರವೂ ಇರಲಿಲ್ಲ.

"ಏನು ಕೇಳಿಸ್ತು?" ಎಂದೆ. ನನ್ನ ದನಿಯಲ್ಲಿ ಸಿಟ್ಟಿತ್ತು, ಮುಚ್ಚಿಡಲಿಲ್ಲ.

"ಮೊದಲ್ನೇ ಸಾಲು ಕೇಳ್ತು. ಆಮೇಲೆ ನಾನು ಹಾಡ್ತಿದ್ನಲ್ಲ, ಅವಳದು ಕೇಳ್ಸಲೇ ಇಲ್ಲ."

"ಅವಳು ಅಂದ್ರೆ ನೀವೇ ಅಲ್ವಾ ಅತ್ತೆಮ್ಮ. ನಿಮ್ಮ ದನಿ ಕೇಳ್ಬೇಕು ಅಂತ ತಾನೆ ಇಷ್ಟೆಲ್ಲ ಮಾಡಿದ್ದು. ಹೆಂಗಿತ್ತು, ಅದನ್ನಾದ್ರೂ ಹೇಳಿ."

ಅತ್ತೆ ಸೆರಗು ಸರಿಮಾಡಿಕೊಂಡರು.

"ಪರವಾಗಿಲ್ಲ ಕಣೇ. ಎಮ್ಮೆ ಒದೆಯೋ ಅಂಥದ್ದೇನಲ್ಲ. ನಿಮ್ಮ ಮಾವನಿಗೆ ಹಾಡು ಗೊತ್ತಿರಲಿಲ್ಲ, ಅಷ್ಟೇ." ಆಮೇಲೆ ಇನ್ನೊಂದು ಮಾತು ಸೇರಿಸಿದರು. "ಸ್ವಲ್ಪ ಸಣ್ಣಗಿತ್ತು. ಬಿಸಿಲು ಸಾಲ್ದು."

ಪಕ್ಕದ ಮನೆಯಾಕೆ ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು. ಅವಳ ಸೆಲ್ಲುಗಳನ್ನು ವಾಪಸು ಕೊಟ್ಟೆ, ಅವು ಇನ್ನು ಯಾತಕ್ಕೂ ಬರುವಂತಿರಲಿಲ್ಲ. ನಮ್ಮ ಮನೆಯವರು ತೋಟದಿಂದ ಬಂದು ಟಾರ್ಚು ಗೋಡೆಯ ಮೊಳೆಗೆ ಸಿಕ್ಕಿಸಿ, "ಏನು, ಅವ್ವನ ಹಾಡು ಬಂತಾ? ಬೀದಿ ತುದಿಗೇ ಕೇಳ್ತಿತ್ತಲ್ಲ, ಹೊಸಾ ಸೆಲ್ಲಾ?" ಎಂದರು. ಅತ್ತೆಯೇ ಉತ್ತರ ಕೊಟ್ಟರು. "ಹೂಂ ಕಣೋ, ಹೊಸಾವು."

ಎಂಬತ್ತನೇ ಇಸವಿಯ ಹೊತ್ತಿಗೆ ನಾನು ಬೀರೂರಿನಿಂದ ಎಲಿಮಿನೇಟರ್ ಎಂಬ ಕರಿ ಡಬ್ಬಿ ತಂದೆ. ಅದನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಸೆಲ್ಲೇ ಬೇಡ. ಕರೆಂಟು ಮಾತ್ರ ಬೇಕು, ಅದು ಇರುತ್ತಿರಲಿಲ್ಲ. ಇದ್ದಾಗಲೂ ಹಾಡಿನ ಹಿಂದೆ ಜೇನುಹುಳ ಗುಂಯ್‌ಗುಟ್ಟಿದಂತೆ ಒಂದು ಶಬ್ದ. ಕೊಳ್ಳುವವರು ಅಂಗಡಿಯಲ್ಲೇ ಸಿಕ್ಕಿಸಿ, ದನಿ ಪೂರ್ತಿ ಇಳಿಸಿ, ಆ ಗುಂಯ್ ಎಷ್ಟಿದೆ ಎಂದು ಕೇಳಿ ಆಮೇಲೆ ಚೌಕಾಸಿ ಮಾಡಿ. ಅತ್ತೆ ಅದನ್ನೂ ಒಂದು ದಿನ ಮೆಣಸಿನಕಾಯಿಯ ಜೊತೆ ಬಿಸಿಲಿಗೆ ಹಾಕಿದ್ದರು.

ಆದರೆ ಆಗ, ಹಾಡು ಬಂದ ಮರುದಿನ, ಮೋಡ ಹರಿದು ಅಪರೂಪಕ್ಕೆ ಬಿಸಿಲು ಬಿತ್ತು. ನಾನು ಮೂಟೆ ಕಟ್ಟಿ ಸಂತೆಗೆ ಹೊರಟಿದ್ದೆ. ಅಂಗಳದಲ್ಲಿ ಚಾಪೆ ಹಾಸಿತ್ತು. ಅತ್ತೆ ಬೂದಿಯಲ್ಲಿ ಉಬ್ಬಿದ್ದ ಮೂರೂ ಸೆಲ್ಲುಗಳನ್ನು ಸೀಗೆಪುಡಿ ಹಾಕಿ ತೊಳೆದು, ಮೂಲೆಯಲ್ಲಿ ಸಾಲಾಗಿ ಮಲಗಿಸುತ್ತಿದ್ದರು. ಬಾಯಲ್ಲಿ ಅದೇ ಪದ. ಕೊಟ್ಟಿಗೆಯಲ್ಲಿ ನಮ್ಮ ಮನೆಯವರು ಎಮ್ಮೆ ಕರೆಯುತ್ತಿದ್ದರು. ನಾನು ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತು ನೋಡಿದೆ. ಎಮ್ಮೆ ಒದೆಯಲಿಲ್ಲ.